ಅಕ್ಷರಕ್ರಮಕ್ಕೆ ಜೋಡಿಸಿದ ರಕ್ತದಾನಿಗಳ ಪಟ್ಟಿ

ಹುಣಸೂರಿನಲ್ಲಿ ಹಳೆ ಟ್ರ್ಯಾಕ್ಟರ್ ಕೊಡಿಸುವುದು ನನ್ನ ಕಸುಬು. ಜೊತೆಗೆ, ಸುತ್ತಲ ಊರುಗಳ ಶಿಬಿರಗಳಲ್ಲಿ ರಕ್ತ ಕೊಟ್ಟವರ ಪಟ್ಟಿಯನ್ನು ಎಕ್ಸೆಲ್ ಶೀಟಿನಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಡೇಟಾಬೇಸಿಗೆ ಏರಿಸುವ ಸ್ಕ್ರಿಪ್ಟಿಗೆ ಕಂಪ್ಯೂಟರಿನವನು ಎರಡು ದಿನ ಕೇಳಿದ. ಒಂದು ದಿನ ಬರೆಯುವುದಕ್ಕೆ, ಇನ್ನೊಂದು ಸಾಲುಗಳನ್ನು ಪರೀಕ್ಷಿಸುವುದಕ್ಕೆ.

"ಪರೀಕ್ಷೆ ಗಿರೀಕ್ಷೆ ಬುಡಿ, ಏರ್ಸಿ ಸಾಕು" ಎಂದು ಒಂದೇ ದಿನಕ್ಕೆ ಒಪ್ಪಿಸಿದೆ. ಚೆನ್ನಾಗಿ ಕಾಣಲೆಂದು ಶೀಟನ್ನು ನಾನೇ ಹೆಸರಿನ ಅಕ್ಷರಕ್ರಮಕ್ಕೆ ಜೋಡಿಸಿ, ಸೇವ್ ಮಾಡಿ ಕೊಟ್ಟೆ.

ಆಮೇಲೊಂದು ಬೆಳಿಗ್ಗೆ ಮೈಸೂರಿನ ಆಸ್ಪತ್ರೆಯಲ್ಲಿ ತಂಗಿಗೆ ಹೆರಿಗೆಯಾಯಿತು. ರಕ್ತಸ್ರಾವ ನಿಲ್ಲಲಿಲ್ಲ. ಇದ್ದ ರಕ್ತ ಮುಗಿಯುತ್ತಿದೆ, ಬಿ ನೆಗೆಟಿವ್ ಕೊಡುವವರನ್ನು ಬೇಗ ಕರೆಸಿ ಎಂದರು.

ಡೇಟಾಬೇಸಿನಲ್ಲಿ ಹುಡುಕಿದೆ. ಬಂದದ್ದು ಎಚ್.ಡಿ. ಕೋಟೆಯವನೊಬ್ಬನ ಹೆಸರು ಮಾತ್ರ. ಫೋನ್ ಮಾಡಿದೆ.

"ಹೋದ್ ವಾರ ಬ್ಯಾರೆ ಕಡೆ ಕೊಟ್ಟಿವ್ನಿ ಕಣಣ್ಣ, ಈಗ ನನ್ ರಕ್ತ ತಕ್ಕಳಕ್ಕಿಲ್ಲ."

ಪಟ್ಟಿಯನ್ನು ಪೂರ್ತಿ ತೆರೆದೆ. ಅರ್ಧಕ್ಕರ್ಧ ಜನರ ರಕ್ತದ ಗುಂಪಿನ ಜಾಗದಲ್ಲಿ ಬರೀ ಎರಡು ಗೀಟು. ಶಿಬಿರದಲ್ಲಿ ಬರೆದವರು, ಸಾಲಿನಲ್ಲಿ ಹಿಂದೆ ನಿಂತವನದೂ ಅದೇ ಗುಂಪಾದರೆ 'ಮೇಲಿನದೇ' ಎಂದು ಗೀಟು ಹಾಕಿದ್ದರು. ನಾನೂ ಅದನ್ನೇ ಶೀಟಿಗೆ ಇಳಿಸಿದ್ದೆ. ಅಕ್ಷರಕ್ರಮಕ್ಕೆ ಜೋಡಿಸಿದಾಗ ಮೇಲಿನವರೆಲ್ಲ ಎಲ್ಲೆಲ್ಲಿಗೋ ಹೋಗಿದ್ದರು. ಗೀಟು ಮಾತ್ರ ಉಳಿದಿತ್ತು.

ಗೀಟಿನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ.

"ಗಾಡಿ ನಂಬರ್ ಕೇಳಿ ಯೋಳ್ತೀನಿ. ರಕ್ತದ್ದು ಯಾರ್ಗ್ ಗೊತ್ತು ಬುಡಿ" ಎಂದ ಪಿರಿಯಾಪಟ್ಟಣದವನು. ಕೆ.ಆರ್. ನಗರದವನು ಫೋನೇ ಎತ್ತಲಿಲ್ಲ. ನರ್ಸ್ ಮತ್ತೆ ಬಂದು, "ಯಾರಾದ್ರೂ ಸಿಕ್ಕಿದ್ರಾ?" ಎಂದರು.

ಆಗ ಹೊಳೆಯಿತು. ಕೋಟೆಯವನಿಗೇ ಮತ್ತೆ ಹಚ್ಚಿದೆ. "ಕ್ಯಾಂಪಲ್ಲಿ ನಿನ್ ಹಿಂದೆ ಯಾರ್ಲಾ ನಿಂತಿದ್ದು?"

"ನಮ್ಮಕ್ಕ ಕಣಣ್ಣ. ಗಾವಡಗೆರೇಲವ್ಳೆ."

ಅವಳ ಹೆಸರು ಪಟ್ಟಿಯಲ್ಲಿತ್ತು. ಮುಂದೆ ಎರಡು ಗೀಟು. ಅಂದರೆ ತಮ್ಮನದೇ ಗುಂಪಿರಬೇಕು.

ಫೋನ್ ಮಾಡಿದಾಗ ಹೊಗೆಸೊಪ್ಪಿನ ಹೊಲದಲ್ಲಿದ್ದಳು. ಹೇಳಿದ್ದನ್ನು ಕೇಳಿ, "ಟ್ರ್ಯಾಕ್ಟರಲ್ಲಿ ನಮಗ್ ಹಾಕಿದ್ ಟೋಪಿ ಮರ್ತಿಲ್ಲ ಕಣಣ್ಣ" ಎಂದಳು. "ಅದಿರ್ಲಿ, ಯಾವ್ ಆಸ್ಪತ್ರೆ ಯೋಳು."

ಸೊಪ್ಪಿನ ಅಂಟು ಕೈಯಲ್ಲೇ ಬಂದಳು. ಪರೀಕ್ಷೆ ಮಾಡಿ ನೋಡಿದರು, ಬಿ ನೆಗೆಟಿವ್. ತಂಗಿ ಉಳಿದಳು.

ನನ್ನ ಮಾತು ಕೇಳಿ: ಏರಿಸುವ ಮುಂಚೆ ಶೀಟಿನ ಮೂಲಪ್ರತಿಯೊಂದನ್ನು ಮುಟ್ಟದೆ ಇಡಿ. ಪರೀಕ್ಷೆಯ ದಿನದಲ್ಲಿ ಚೌಕಾಸಿ ಮಾಡಬೇಡಿ. ನಾನಂತೂ ದಿನವೂ ನಾಲ್ಕು ಜನಕ್ಕೆ ಫೋನ್ ಮಾಡಿ, ಗುಂಪು ಕೇಳಿ, ಒಂದೊಂದೇ ಗೀಟು ಅಳಿಸುತ್ತಿದ್ದೇನೆ.