ಬಲೂನಿನ ಹಗ್ಗ ತರಲು ಹೋದವನು

ಕಳೆದ ಮಂಗಳವಾರ ಒಂದು ಹಗ್ಗಕ್ಕಾಗಿ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಬಸ್ ಹತ್ತಿದೆ. ನಗಬೇಡಿ. ಅದು ಅಂತಿಂಥ ಹಗ್ಗವಲ್ಲ, ಮುಗಿಲು ನೋಡಿ ಬಂದದ್ದು.

ನಾನು ಚಿಕ್ಕವನಿದ್ದಾಗ ಪರಿಗಿ ಹತ್ತಿರದ ನಮ್ಮ ಹೊಲಕ್ಕೆ ಒಂದು ಟೆಲಿಸ್ಕೋಪ್ ಇಳಿದಿತ್ತು. ಆಕಾಶದ ಗಾಮಾ ಕಿರಣಗಳು ನೆಲದಲ್ಲಿ ಕೂತವರಿಗೆ ಸಿಗುವುದಿಲ್ಲ, ನಡುವಿನ ಗಾಳಿಯೇ ತಡೆದುಬಿಡುತ್ತದೆ. ಅವು ಎಲ್ಲಿಂದ ಬರುತ್ತವೆಂದು ಹುಡುಕಲು ವಿಜ್ಞಾನಿಗಳು ಹೈದರಾಬಾದಿನಲ್ಲಿ ದೊಡ್ಡ ಬಲೂನಿಗೆ ಇಂಥ ಟೆಲಿಸ್ಕೋಪ್ ಕಟ್ಟಿ ಮೇಲೆ ಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಪ್ಯಾರಾಚೂಟಿನಲ್ಲಿ ಗಾಳಿ ಒಯ್ದ ಕಡೆ ಅದು ಇಳಿಯುತ್ತಿತ್ತು. (ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಅಂದು ಅಜ್ಜಿ ಆ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿದ್ದಳು.)

ವಿಜ್ಞಾನಿಯ ಜೀಪು ಬರುವಷ್ಟರಲ್ಲಿ, ಹುಣಸೆಮರಕ್ಕೆ ಸಿಕ್ಕಿ ಹರಿದಿದ್ದ ಪ್ಯಾರಾಚೂಟಿನ ದಾರಗಳನ್ನು ಅಪ್ಪ ಹುರಿ ಮಾಡಿ ಮನೆಯ ತೊಲೆಗೆ ಕಟ್ಟಿಯಾಗಿತ್ತು. ಹಗ್ಗದಲ್ಲಿ ಅಮ್ಮನ ಹಳೆ ಸೀರೆಯ ಜೋಲಿ. ಜೋಲಿಯಲ್ಲಿ ನನ್ನ ತಂಗಿ.

ಎಲ್ಲವನ್ನೂ ವಾಪಸ್ ಒಯ್ಯಬೇಕೆಂದು ಬಂದವರು ಆ ವಿಜ್ಞಾನಿ. ಅಮ್ಮ ತುಟಿಗೆ ಬೆರಳಿಟ್ಟು, "ಮಗು ಮಲಗೈತೆ ಸಾಮಿ. ಎದ್ಮ್ಯಾಕೆ ಬಿಚ್ಕೊಂಡೋಗೀರಂತೆ" ಅಂದಳು. ಅವರು ಜೋಲಿಯೊಳಗೆ ಬಗ್ಗಿ ನೋಡಿದರು. "ಪಡುಕೋನಿವ್ವಂಡಿ," ಮಲಗಲಿ ಬಿಡಿ ಎಂದು ತೆಲುಗಿನಲ್ಲೇ ಹೇಳಿ, ಟೆಲಿಸ್ಕೋಪನ್ನು ಜೀಪಿಗೆ ಹೇರಿಕೊಂಡು ಹೊರಟುಹೋದರು.

ಆ ಹಗ್ಗ ಈಗ ಕಲ್ಯಾಣದುರ್ಗದ ತಂಗಿ ಮನೆಯಲ್ಲಿದೆ. ನನಗೋ, ಮುಂದಿನ ವಾರ ಮೊಮ್ಮಗಳ ನಾಮಕರಣ. ಹಗ್ಗ ತಂದು ಜೋಲಿ ಕಟ್ಟುವುದು, ನೆಂಟರೆದುರು ಸಣ್ಣದೊಂದು ಭಾಷಣ, ವಾಟ್ಸಾಪಿಗೆ ಫೋಟೊ. ಪ್ಲ್ಯಾನ್ ರೆಡಿ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅವರ ಕೈಯ ವಸ್ತು ಒಂದಾದರೂ ಈ ಮಗುವಿಗೆ ಸೋಕಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ?

ತಂಗಿ ಬಾಗಿಲಲ್ಲೇ ತಡೆದಳು.

"ಮೆಲ್ಲಗೆ ಮಾತಾಡಣ್ಣಯ್ಯ. ಪಕ್ಕದ್ಮನೆ ಷಾಹೀನಾ ಆಸ್ಪತ್ರೆ ಡ್ಯೂಟಿಗೆ ಹೋಗವ್ಳೆ. ಅವಳ ಕೂಸು ಈ ಜೋಲ್ಯಾಗ್ ಬಿಟ್ರೆ ಇನ್ನೆಲ್ಲೂ ಮಲಗಾಕಿಲ್ಲ."

ತೊಲೆಯ ಬದಲು ಸೀಲಿಂಗಿನ ಕೊಕ್ಕೆ. ಅದೇ ಹಗ್ಗ. ಜೋಲಿಯ ಅಂಚಿನಿಂದ ಒಂದು ಪುಟ್ಟ ಕಾಲು ಹೊರಗಿತ್ತು.

"ನೀನು ಯಾತಕ್ಕೆ ಬಂದೆ ಅಂತ ಗೊತ್ತು ಕಣಪ್ಪ," ಎಂದಳು ತಂಗಿ. "ಮಗು ಮಲಗೈತೆ. ಎದ್ಮ್ಯಾಕೆ ಬಿಚ್ಕೊಂಡೋಗೀಯಂತೆ."

ಅಮ್ಮನ ಮಾತು. ಅಮ್ಮನದೇ ಧ್ವನಿ. ಅಂದು ಇವಳು ಜೋಲಿಯಲ್ಲಿ ನಿದ್ದೆ ಹೊಡೆಯುತ್ತಿದ್ದವಳು, ಇದನ್ನೆಲ್ಲಿ ಕಲಿತಳು? ಅವಳು ಕೊಟ್ಟ ಕಾಫಿ ಕುಡಿದು, ಕೂಸು ಏಳುವ ಮೊದಲೇ ಹೊರಟೆ.

ಹಗ್ಗ ಎಲ್ಲಿ ಎಂದು ಮನೆಯಲ್ಲಿ ಹೆಂಡತಿ ಕೇಳಿದಳು. ಆ ವಿಜ್ಞಾನಿ ತಮ್ಮ ಆಫೀಸಿನಲ್ಲಿ ಏನು ಹೇಳಿರಬಹುದೋ, ನಾನೂ ಅದನ್ನೇ ಹೇಳಿದೆ: ಮಗು ಮಲಗಿತ್ತು.