ಓನರಮ್ಮನ ಹಸಿರು ಲೋಟ

ಓನರಮ್ಮನ ಎದೆಯಿಂದ ಸದ್ದು ಬರುತ್ತಿತ್ತು. ಫ್ಯಾನು ನಿಂತು, ಬೀದಿಯಲ್ಲಿ ಗಾಡಿ ಓಡಾಡದ ಹೊತ್ತಿನಲ್ಲಿ ಅವರ ಪಕ್ಕ ಕೂತರೆ ಟಿಕ್ ಟಿಕ್ ಎಂದು ಚೆನ್ನಾಗಿ ಕೇಳಿಸುತ್ತಿತ್ತು. ಹುಣಸೂರಿನ ಅವರ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದ ಹೊಸದು. ಸೆರಗಿನೊಳಗೆ ಗಡಿಯಾರ ಸಿಕ್ಕಿಸಿಕೊಂಡಿದ್ದಾರೇನೋ ಎಂದು ದಡ್ಡಿಯ ಹಾಗೆ ಕೇಳಿಯೂ ಬಿಟ್ಟಿದ್ದೆ.

"ಊಂ ಕಣವ್ವ, ಒಳಗೇ ಮಡಗವ್ರೆ," ಎಂದು ಎದೆ ತಟ್ಟಿಕೊಂಡರು. "ಮೈಸೂರ್ ಡಾಕ್ಟ್ರು ಕೂರ್ಸಿದ್ದು. ಕೀ ಕೊಡಂಗಿಲ್ಲ, ಸೆಲ್ ಹಾಕಂಗಿಲ್ಲ."

ಹೃದಯದ ಕವಾಟ ಕೆಟ್ಟಿತ್ತಂತೆ. ಅದರ ಜಾಗದಲ್ಲಿ ಲೋಹದ್ದೊಂದು ಕೂರಿಸಿದ್ದರು. ಅದು ಮುಚ್ಚಿಕೊಳ್ಳುವಾಗ ಆಗುವ ಸದ್ದು ಅದು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಮಾತ್ರೆ ನುಂಗುತ್ತಿದ್ದರು, ಆಗಾಗ ಮಗನ ಜೊತೆ ಮೈಸೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದರು. ನನಗೆ ಗೊತ್ತಿದ್ದದ್ದು ಇಷ್ಟು. 

ಪಿರಿಯಾಪಟ್ಟಣದ ಕಡೆ ಅವರಿಗೆ ಹೊಗೆಸೊಪ್ಪಿನ ಹೊಲವೂ ಆ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಬ್ಯಾರನ್ನೂ ಇದ್ದವು. ಮಗ ಅದನ್ನು ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಓನರಮ್ಮ ಮತ್ತು ಸೊಸೆ. ಅತ್ತೆ ಸೊಸೆ ಜಗಳವಾಡಿದ್ದನ್ನು ನಾನು ಕೇಳಲೇ ಇಲ್ಲ, ಸ್ವಲ್ಪ ನಿರಾಸೆಯೇ ಆಗಿತ್ತು. ಓನರಮ್ಮನಿಗೆ ಯಾವುದನ್ನೇ ಆಗಲಿ ಅರ್ಧ ಮಾಡಿ ಗೊತ್ತಿಲ್ಲ. "ಇಡುದ್ರೆ ಗಟ್ಯಾಗಿ ಇಡೀಬೇಕು ಕಣವ್ವ, ಇಲ್ಲಾಂದ್ರೆ ಬುಟ್ಬುಡಬೇಕು," ಎನ್ನುವುದು ಅವರ ಮಾತು. ಸೋಮವಾರ ಉಪವಾಸವೆಂದರೆ ಸಂಜೆ ಈಶ್ವರನ ಗುಡಿಗೆ ಹೋಗಿ ಬರುವ ತನಕ ಒಂದು ಅಗುಳು ಬಾಯಿಗೆ ಹಾಕುತ್ತಿರಲಿಲ್ಲ. ಕಾಫಿ, ಮಜ್ಜಿಗೆ, ಎಳನೀರು ಮಾತ್ರ ಲೋಟಗಟ್ಟಲೆ ಇಳಿಯುತ್ತಿತ್ತು.

"ಇದ್ಯಾವ ಉಪವಾಸ ಅಮ್ಮ, ಹೊಟ್ಟೆ ತುಂಬಿ ಹೋಯ್ತಲ್ಲ," ಎಂದು ರೇಗಿಸಿದರೆ, "ಅಗುದು ತಿಂದ್ರೆ ತಾನೆ ತಿಂದಂಗೆ? ಕುಡುದ್ರೆ ಕೆಡಕಿಲ್ಲ. ನಮ್ಮವ್ವನೂ ಅಂಗೇ ಮಾಡ್ತಿದ್ದಿದ್ದು," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರು ಸೊಪ್ಪು ತಿನ್ನುತ್ತಿರಲಿಲ್ಲ. ಉಪ್ಪಿಟ್ಟಿನಲ್ಲಿ ಕರಿಬೇವಿನ ಎಲೆ ಸಿಕ್ಕಿದರೂ ಎರಡು ಬೆರಳಿನ ತುದಿಯಲ್ಲಿ ಎತ್ತಿ, ತಟ್ಟೆಯ ಅಂಚಿನಲ್ಲಿ ಒಂದರ ಪಕ್ಕ ಒಂದು ಒರಗಿಸಿಡುತ್ತಿದ್ದರು. ಬೆರಕೆಸೊಪ್ಪಿನ ಸಾರೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು ಅಂತೆ, ಸೊಸೆಯೇ ಹೇಳಿದ್ದಳು. ಒಂದು ದಿನ ಕೇಳಿದೆ. "ಬುಟ್ಟಿದ್ದೀನಿ ಕಣವ್ವ," ಎಂದು ಮಾತು ಮುಗಿಸಿದರು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರುವುದು ನಮ್ಮಲ್ಲಿ ಉಂಟಷ್ಟೆ. ಅವರು ಕಾಶಿಗೆ ಹೋಗಿ ಬಂದವರು, ಗಂಗೆಯ ಪುಟ್ಟ ತಂಬಿಗೆ ದೇವರ ಗೂಡಿನಲ್ಲಿತ್ತು. ಸರಿ, ಸೊಪ್ಪನ್ನು ವಿಶ್ವನಾಥನಿಗೆ ಕೊಟ್ಟು ಬಂದಿದ್ದಾರೆ ಎಂದುಕೊಂಡೆ. ಮತ್ತೆ ಕೇಳುವುದಕ್ಕೆ ಏನಿದೆ?

ಆ ವರ್ಷ ನನಗೆ ರಕ್ತ ಕಡಿಮೆಯಾಯಿತು. ಹೈಸ್ಕೂಲಿನಲ್ಲಿ ಗಣಿತ ಹೇಳುವವಳು ನಾನು. ಬೋರ್ಡಿನ ಮೇಲೆ ಅರ್ಧ ಲೆಕ್ಕ ಬರೆಯುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಡಾಕ್ಟರು ಮಾತ್ರೆ ಬರೆದರು, ಸೊಪ್ಪು ಜಾಸ್ತಿ ತಿನ್ನಿ ಎಂದರು. ಚಿಕ್ಕಂದಿನಿಂದ ಸೊಪ್ಪು ಕಂಡರಾಗದ ನನಗೆ ಸ್ಟಾಫ್ ರೂಮಿನಲ್ಲಿ ಒಬ್ಬರು ದಾರಿ ತೋರಿಸಿದರು. ಈಗ ಹಸಿರು ಪುಡಿ ಬರುತ್ತದೆ, ನೀರಿಗೆ ಕಲಸಿ ಕುಡಿದರೆ ಮುಗಿಯಿತು.

ಮೊದಲ ಡಬ್ಬ ಕೊರಿಯರಿನಲ್ಲಿ ಬಂತು. ಅದರ ಬೆಲೆಗೆ ಒಂದು ತಿಂಗಳ ಹಾಲು ಬರುತ್ತಿತ್ತು. ಒಂದು ಗುಟುಕು ಕುಡಿದು ನಾನು ಬಚ್ಚಲಿಗೆ ಓಡಿದ್ದನ್ನು ಕೇಳಿಸಿಕೊಂಡು ಓನರಮ್ಮ ಮೇಲೆ ಹತ್ತಿ ಬಂದರು. ಲೋಟವನ್ನು ಮೂಗಿಗೆ ಹಿಡಿದರು.

"ಎಮ್ಮೆ ಬಿದ್ದೊಳ್ಳಾಡಿದ ಕೆರೆ ನೀರಿದ್ದಂಗದಲ್ಲವ್ವ! ಇದ್ಕೆ ದುಡ್ ಬೇರೆ ಕೊಟ್ಯಾ?"

ಎರಡನೆಯದು ಪೇಟೆಯ ಅಂಗಡಿಯದು, ಅಗ್ಗ. ಕೆಮ್ಮಿನ ಔಷಧಿಯ ಹಾಗೆ ಸಿಹಿ. "ಸಕ್ರೆ ಅದೆ, ಬಣ್ಣ ಅದೆ. ಸೊಪ್ಪೆಲ್ಲವ್ವ?" ಎಂದು ಅದನ್ನೂ ಫೇಲು ಮಾಡಿದರು. ಮೂರನೆಯದನ್ನು ಕೆ.ಆರ್. ನಗರದ ನನ್ನ ತಂಗಿ ಕಳಿಸಿದ್ದಳು. ಅದು ವಾಸನೆಯಲ್ಲೂ ರುಚಿಯಲ್ಲೂ ಪಾಸಾಯಿತು. ಓನರಮ್ಮ ಮಾತ್ರ ತಲೆಯಾಡಿಸಲಿಲ್ಲ. "ನಾಳೀಕೂ ಕುಡೀಬೇಕು ಅನ್ನುಸ್ತದಾ, ಅದ್ನೇಳು," ಎಂದರು. ನನಗೆ ಅನ್ನಿಸುತ್ತಿರಲಿಲ್ಲ. "ಅಂಗಾರೆ ಅದು ಡಬ್ಬದಲ್ಲೇ ಉಳೀತದೆ. ಡಬ್ಬಕ್ಕೆ ರಕ್ತ ಆಗ್ಬೇಕಾ, ನಿಂಗಾಗ್ಬೇಕಾ?"

ಮಾರನೆಯ ದಿನವೇ ಹಿತ್ತಿಲ ನುಗ್ಗೆಮರದ ಕೊಂಬೆ ಇಳಿಸಿದರು. ಕರಿಬೇವು, ಒಂದೆಲಗವನ್ನೂ ಸೇರಿಸಿ, ಹಳೇ ಸೀರೆ ಹಾಸಿ ಮಹಡಿಯ ನೆರಳಿನಲ್ಲಿ ಹರಡಿದರು. ಹರೆಯದಲ್ಲಿ ಹೊಗೆಸೊಪ್ಪು ವಿಂಗಡಿಸಿದ ಕೈ. ಎಲೆಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುವರು. "ಸದ್ದು ಬರ್ಬೇಕು, ಬಣ್ಣ ಓಗ್ಬಾರ್ದು." ಒಣಗಿದ್ದನ್ನು ಜೀರಿಗೆಯ ಜೊತೆ ಪುಡಿ ಮಾಡಿ, ತೆಳು ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ, ಅರ್ಧ ಹೋಳು ನಿಂಬೆ ಹಿಂಡಿದರು. ಖರ್ಚೆಂದರೆ ನಿಂಬೆಹಣ್ಣಿನದು.

ಎರಡು ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದವರು, ಮೊದಲು ತಾವು ಗಟಗಟ ಕುಡಿದರು. ಮೇಲ್ದುಟಿಯ ಮೇಲೆ ಹಸಿರು ಮೀಸೆ ಮೂಡಿತು.

"ಎರಡು ಯಾಕಮ್ಮ?"

"ಮದ್ದು ಕೊಡೋರು ಮೊದ್ಲು ಕುಡೀಬೇಕು ಕಣವ್ವ, ನಮ್ಮನೇಲಿ ಅಂಗೇಯ. ಒಬ್ಳೇ ಕುಡುದ್ರೆ ಮದ್ದು, ಇಬ್ರು ಕುಡುದ್ರೆ ಊಟ."

"ನೀವು ಸೊಪ್ಪು ಬಿಟ್ಟಿದ್ದೀರಲ್ಲ?"

"ತಿನ್ನದು ಬುಟ್ಟಿದ್ದೀನಿ. ಇದು ಕುಡಿಯೋದಲ್ವಾ?"

ನಾನು ಬಿದ್ದು ಬಿದ್ದು ನಕ್ಕೆ. ವಿಶ್ವನಾಥನ ಹತ್ತಿರವೇ ವಕೀಲಿ ಮಾಡ್ತೀರಲ್ಲಮ್ಮ ಎಂದೆ. ಅವರೂ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಕ್ಕರು. ಲೋಟ ಎತ್ತಿ ನಾನೂ ಕುಡಿದೆ. ನಿಜಕ್ಕೂ ಚೆನ್ನಾಗಿತ್ತು, ನಾಳೆಯೂ ಬೇಕು ಅನ್ನಿಸುವ ಹಾಗಿತ್ತು.

ಆಮೇಲೆ ಅದು ದಿನದ ಪದ್ಧತಿಯಾಯಿತು. ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವ ಮುಂಚೆ ಮೆಟ್ಟಿಲಿನ ಮೇಲೆ ಕೂತು ಇಬ್ಬರೂ ಕುಡಿಯುತ್ತಿದ್ದೆವು. ಸೋಮವಾರವೂ ತಪ್ಪಲಿಲ್ಲ. ನನಗೆ ಕಣ್ಣು ಕತ್ತಲೆ ಬರುವುದು ನಿಂತಿತು, ಬೋರ್ಡಿನ ಮೇಲಿನ ಲೆಕ್ಕ ಕೊನೆ ಮುಟ್ಟತೊಡಗಿತು. ಹೊಲದ ಕಡೆ ಬ್ಯಾರನ್ ಉರಿಯುವ ಕಾಲ ಅದು. ಬೆಂಕಿ ಬಿಟ್ಟು ಮಗ ಊರು ದಾಟುವ ಹಾಗಿರಲಿಲ್ಲ. ಮೈಸೂರಿನ ರಕ್ತ ಪರೀಕ್ಷೆಯನ್ನು ಓನರಮ್ಮ ಮುಂದಕ್ಕೆ ಹಾಕಿದರು. "ನಾನು ಗುಂಡ್ಕಲ್ಲಿದ್ದಂಗಿವ್ನಿ, ಬ್ಯಾರನ್ ಸೊಪ್ ಇಳುದ್ಮೇಲೆ ಓದ್ರಾಯ್ತು ಬುಡು," ಎಂದರು.

ಒಂದು ಬೆಳಿಗ್ಗೆ ಕರೆಂಟು ಹೋಗಿತ್ತು. ಬೀದಿ ಸುಮ್ಮನಿತ್ತು. ಪಕ್ಕ ಕೂತಿದ್ದರೂ ಅವರ ಎದೆಯ ಸದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ನಾನು ಕಿವಿ ಕೊಟ್ಟದ್ದನ್ನು ಅವರೇ ಕಂಡುಕೊಂಡರು.

"ಮೆತ್ಗಾಗದೆ ಕಣವ್ವ," ಎಂದು ಗುಟ್ಟು ಹೇಳುವವರ ಹಾಗೆ ಬಗ್ಗಿದರು. "ಈ ಹಸುರು ನೀರು ಕುಡುದು ಎದೆ ತಣ್ಗಾಗದೆ. ರಾತ್ರೆ ಮಲಿಕೊಂಡ್ರೂ ಸದ್ದಿಲ್ಲ. ನಿನ್ ದೆಸೆಯಿಂದ ನಂಗೂ ಒಳ್ಳೇದಾಯ್ತು."

ನನಗೆ ಎಷ್ಟು ಸಂತೋಷವಾಯಿತು ಎಂದರೆ, ಅವರ ಕೈ ಹಿಡಿದುಕೊಂಡೆ. ಇಬ್ಬರೂ ನಕ್ಕೆವು. ದೇವರೇ, ನಾವು ನಕ್ಕೆವು!

ಅದಾದ ಮೇಲೆ ಹೆಚ್ಚು ದಿನ ಕಳೆಯಲಿಲ್ಲ. ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಸ್ಟೀಲ್ ಲೋಟಗಳು ಉರುಳಿಕೊಂಡು ಹೋದ ಸದ್ದಾಯಿತು. ಓಡಿ ಬಂದೆ. ಓನರಮ್ಮ ನಡು ಮೆಟ್ಟಿಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬಲಗೈ ಜೋತು ಬಿದ್ದಿತ್ತು, ಬಾಯಿ ಒಂದು ಕಡೆ ವಾಲಿತ್ತು. ಹಸಿರು ಮಜ್ಜಿಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು.

"ಚೆಲ್ಲೋಯ್ತಲ್ಲವ್ವ," ಎಂದರು. ಮಾತು ತೊದಲಿತು. "ನೀನು... ಕುಡೀನಿಲ್ಲ."

ನಾನು ಕೇಳಿದ ಅವರ ಕೊನೆಯ ಮಾತು ಅದು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, ಕವಾಟದ ಹತ್ತಿರ ರಕ್ತ ಹೆಪ್ಪುಗಟ್ಟಿದೆ, ಕವಾಟದ ಸದ್ದು ಮೆತ್ತಗಾಗಿರುವುದು ಅದಕ್ಕೇ, ಆ ಹೆಪ್ಪಿನ ಚೂರು ಮೆದುಳಿಗೆ ಹೋಗಿದೆ ಎಂದರು. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿದ್ದೆವಲ್ಲ, ಬಿಟ್ಟಿದ್ದರಾ ಎಂದು ಕೇಳಿದರು.

"ಒಂದ್ ದಿನಾನೂ ಬುಟ್ಟಿಲ್ಲ ಸಾರ್," ಎಂದಳು ಸೊಸೆ.

"ಸೊಪ್ಪು ಜಾಸ್ತಿ ತಿಂದ್ರಾ?"

"ಎಲ್ಲಿ ಸಾರ್, ಕೊತ್ತಂಬ್ರಿ ಎಲೇನೂ ಎತ್ತಿ ಮಡಗ್ತಿದ್ರು. ಅಷ್ಟು ಪಥ್ಯ."

ಪಥ್ಯ! "ಅದು ಕಾಶಿಯಲ್ಲಿ ಬಿಟ್ಟದ್ದಲ್ಲವಾ?" ಎಂದು ಕೇಳಿದೆ. ಸೊಸೆ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಕಾಶೀಲಿ ಬುಟ್ಟಿದ್ದು ಸೀತಾಫಲ ಮೇಡಂ. ಸೊಪ್ಪು ಬುಡ್ಸಿದ್ದು ಡಾಕ್ಟ್ರು."

ಲೋಟದ ವಿಷಯ ಹೇಳಿದೆ. ನುಗ್ಗೆ, ಕರಿಬೇವು, ಒಂದೆಲಗ, ದಿನಾ ತುಂಬಿದ ಲೋಟ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಸೊಪ್ಪು ಪೂರ್ತಿ ಬಿಡಿ ಅಂತಲೂ ನಾವು ಹೇಳಿರಲಿಲ್ಲಮ್ಮ. ದಿನಾ ಒಂದೇ ಅಳತೆ ಇರಲಿ, ಒಮ್ಮೆಲೇ ಜಾಸ್ತಿ ಮಾಡಬೇಡಿ, ಮಾತ್ರೆ ಕೆಲಸ ಮಾಡಲ್ಲ ಅಂದಿದ್ವಿ," ಎಂದರು. ಅಳತೆ! ಓನರಮ್ಮನಿಗೆ ಅಳತೆ ಎಲ್ಲಿ ಗೊತ್ತಿತ್ತು? ಡಾಕ್ಟರು ಹೇಳಿದ ಪಥ್ಯವನ್ನು ಅವರು ಸೋಮವಾರದ ಹಾಗೆ ಹಿಡಿದಿದ್ದರು. ಒಂದು ಎಲೆ ಅಗಿಯಲಿಲ್ಲ. ಕುಡಿದರೆ ಕೆಡುವುದಿಲ್ಲ ಎಂದು ಅವರವ್ವ ಕಲಿಸಿದ್ದನ್ನು ನಂಬಿ, ನಾನು ಒಬ್ಬಳೇ ಕುಡಿಯಬಾರದೆಂದು ಕುಡಿದರು. ಆಸ್ಪತ್ರೆಯ ಆ ಬೆಂಚಿನ ಮೇಲೆ ನನಗೆ ಅಳುವೂ ಬರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ನನ್ನ ರಕ್ತದ ರಿಪೋರ್ಟು ಬಂತು. ಎಲ್ಲ ಸರಿಯಾಗಿದೆಯಂತೆ. ನಾನು ಅದನ್ನು ಮಡಿಸಿ ಸೀರೆಗಳ ಕೆಳಗೆ ತುರುಕಿದೆ.

ಮರುದಿನ ಬೆಳಿಗ್ಗೆ ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದು. ಬಾಗಿಲು ತೆಗೆದೆ. ಸೊಸೆ ನಿಂತಿದ್ದಳು, ಎರಡು ಕೈಯಲ್ಲಿ ಎರಡು ಲೋಟ.

"ಡಬ್ಬದಲ್ಲಿ ಪುಡಿ ಉಳುದದೆ ಮೇಡಂ. ನಿಮ್ಗೇ ಅಂತ ಅತ್ತೆ ಮಾಡಿದ್ದು. ಚೆಲ್ಲಕ್ಕೆ ಮನ್ಸು ಬರ್ನಿಲ್ಲ." ನನ್ನ ಮುಖ ನೋಡಿ ಮೆಲ್ಲಗೆ ಅಂದಳು, "ನಿಮ್ ತಪ್ಪಲ್ಲ. ಅತ್ತೇನೂ ಕುಡೀತಾರೆ ಅಂತ ಒಂದೇ ಮನೇಲಿದ್ದು ನಂಗೇ ಗೊತ್ತಾಗ್ನಿಲ್ಲ." ಹಾಗೆಂದವಳೇ ಮನೆಯ ಪದ್ಧತಿಯಂತೆ ತನ್ನ ಲೋಟವನ್ನು ಮೊದಲು ತುಟಿಗೆ ಎತ್ತಿದಳು.

ನಾನು ಹಾರಿ ಅವಳ ಮಣಿಕಟ್ಟು ಹಿಡಿದುಕೊಂಡೆ. ಮಜ್ಜಿಗೆ ಇಬ್ಬರ ಕೈಮೇಲೂ ತುಳುಕಿತು.

"ನೀವು ಯಾವುದಾದರೂ ಮಾತ್ರೆ ತಗೊಳ್ತೀರಾ?"

"ಇಲ್ಲ ಮೇಡಂ."

"ಯಾವುದೂ?"

"ಯಾವ್ದೂ ಇಲ್ಲ."

ಕೈ ಬಿಟ್ಟೆ. ಅವಳು ಕುಡಿದಳು. ಆಮೇಲೆ ನಾನು ಕುಡಿದೆ.