ಕೊನೆಯವರು ದಾಟುವವರೆಗೆ ಚಾ ಇಲ್ಲ

ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣ. ಸ್ಟ್ಯಾಂಪ್ ಪ್ಯಾಡಿನ ಶಾಯಿ. ಸೋಪು, ನಿಂಬೆಹಣ್ಣು ಯಾವುದಕ್ಕೂ ಜಗ್ಗದು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ಎರಡು ಮೊಬೈಲ್ ಅಂಗಡಿಗಳ ನಡುವೆ, ಅವರದೊಂದು ಟೈಪಿಂಗ್ ಸೆಂಟರ್. ವೀಸಾ ಅರ್ಜಿಗಳನ್ನು ಅರಬಿಯಲ್ಲಿ ಟೈಪ್ ಮಾಡಿಕೊಡುವುದು ಕಸುಬು. ಉಡುಪಿ ಕಡೆಯ ಬ್ಯಾರಿಗಳು. ಮೈಸೂರಿನವಳಾದ ನಾನೂ ಎಲ್ಲರಂತೆ ‘ಕಾಕ’ ಎಂದೇ ಕರೆಯುತ್ತಿದ್ದೆ. ಅವರಿಗೆ ನಾನು ‘ಮಗಳು’.

ಆಗೆಲ್ಲ ವಿಸಿಟ್ ವೀಸಾದಲ್ಲಿ ಬಂದವರಿಗೆ ಕೆಲಸ ಸಿಕ್ಕರೆ, ಒಮ್ಮೆ ಗಡಿ ದಾಟಿ ಹೊರಗೆ ಹೋಗಿ ಹೊಸ ವೀಸಾ ಹಿಡಿದು ಒಳಗೆ ಬರಬೇಕಿತ್ತು. ಕಾಕ ತಮ್ಮ ಹಳೇ ವ್ಯಾನಿನಲ್ಲಿ ಐದಾರು ಜನರನ್ನು ಕೂರಿಸಿಕೊಂಡು ಅಲ್ ಐನ್ ಪಕ್ಕದ ಬುರೈಮಿಗೆ ಹೊರಡುತ್ತಿದ್ದರು. ಅದು ಒಮಾನ್. ನೋಡಿದರೆ ಎರಡೂ ಒಂದೇ ಊರು, ನಡುವೆ ಬೇಲಿ. ಅಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಪಾಸ್‌ಪೋರ್ಟು, ಎರಡು ಕಾಪಿ, ಎರಡು ಫೋಟೊ ಎಂದು ಶಾಲೆ ಮಕ್ಕಳಿಗೆ ಮಾಡುವಂತೆ ತಪಾಸಣೆ. ಜೊತೆಗೊಂದು ವ್ರತ: ಕರೆತಂದವರಲ್ಲಿ ಕೊನೆಯವರು ಮರಳಿ ದಾಟುವವರೆಗೆ ತಾನು ಚಾ ಮುಟ್ಟುವುದಿಲ್ಲ. ಚಾ ಎಂದರೆ ಪ್ರಾಣ ಬಿಡುವ ಮನುಷ್ಯ!

ನನ್ನ ಸರದಿ ಬಂದದ್ದು ಈದ್ ಹಿಂದಿನ ದಿನ. ಮನೆಯಲ್ಲಿ ಎಂಟು ತಿಂಗಳ ಮಗಳು, ಇನ್ನೂ ಎದೆಹಾಲು. ಅವಳನ್ನು ಗಂಡನ ಕೈಗೆ ಕೊಟ್ಟು, “ಸಂಜೆಗೆ ಬಂದ್ಬಿಡ್ತೀನಿ” ಎಂದು ಹೊರಟಿದ್ದೆ. ದಾರಿಯುದ್ದಕ್ಕೂ ಕಾಕನ ಮುಂದೆ ಅತ್ತೆಯ ಪುರಾಣ ಬಿಚ್ಚಿದೆ. ನಾನು ಕೆಲಸಕ್ಕೆ ಸೇರುವುದು ಅವರಿಗೆ ಸುತರಾಂ ಇಷ್ಟವಿಲ್ಲ. ನನ್ನಿಂದ ಒಂದು ಎಡವಟ್ಟಾದರೆ ಸಾಕು, ಕೆಲಸಕ್ಕೆ ಕಲ್ಲು ಬಿದ್ದ ಹಾಗೆಯೇ. ಕಾಕ ಬರೀ “ಹ್ಞೂಂ, ಹ್ಞೂಂ” ಎನ್ನುತ್ತಾ ಗಾಡಿ ಓಡಿಸಿದರು.

ಎಡವಟ್ಟೇ ಆಯಿತು. ಮರಳಿ ಬರುವಾಗ ಕೌಂಟರಿನವನು ತಲೆಯಾಡಿಸಿಬಿಟ್ಟ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರು. ವೀಸಾದಲ್ಲಿ ಗಂಡನ ಹೆಸರು. ಕಾಕ ಫೈಲ್ ಬಿಚ್ಚಿ ಒಂದು ಕಾಗದ ನೋಡಿದರು, ಹಾಗೆಯೇ ಮುಚ್ಚಿದರು.

“ತಪ್ಪು ನನ್ನದು ಮಗಳೇ. ಮದುವೆ ಆದವಳಲ್ವಾ ಅಂತ ಗಂಡನ ಹೆಸರು ಹಾಕಿಬಿಟ್ಟೆ ಮಾರಾಯ್ತಿ.”

“ಕಣ್ಣು ಕಾಣಲ್ವಾ ಕಾಕ ನಿಮಗೆ? ಮನೇಲಿ ಹಸುಗೂಸಿದೆ!” ಎಂದು ಎಲ್ಲರೆದುರು ಕೂಗಾಡಿದೆ. ಅವರು ತಲೆ ತಗ್ಗಿಸಿ ನಿಂತರು. ಆಮೇಲೆ ನನ್ನ ಗಂಡನಿಗೆ ಫೋನು ಹಚ್ಚಿದರು. “ಅವಳಿಗೆ ಬೈಬೇಡಿ ಸರ್. ಟೈಪಿಂಗ್ ಮಿಸ್ಟೇಕ್ ನನ್ನದು. ಊರಲ್ಲಿ ನಿಮ್ಮ ಅಮ್ಮನಿಗೂ ಹಾಗೇ ಹೇಳಿ.”

ಈದ್ ರಜೆ, ವೀಸಾ ಕಚೇರಿ ತೆರೆಯಲು ಮೂರು ದಿನ. ಉಳಿದವರನ್ನು ಟ್ಯಾಕ್ಸಿ ಹತ್ತಿಸಿ ಕಳಿಸಿದ ಕಾಕ ತಾವು ಮಾತ್ರ ಹೋಗಲಿಲ್ಲ. ಬುರೈಮಿಯಲ್ಲೇ ಪರಿಚಯದ ಮಲಯಾಳಿ ಕುಟುಂಬವೊಂದರ ಮನೆಯಲ್ಲಿ ನನ್ನನ್ನು ಇರಿಸಿ, ಬಾಗಿಲ ಮುಂದೆ ವ್ಯಾನಿನಲ್ಲಿ ಮಲಗಿದರು. ಹಬ್ಬದ ದಿನ ನಮಾಜ್ ಮುಗಿಸಿ, ಅದೇ ಮಾಸಿದ ಅಂಗಿಯಲ್ಲಿ ಬಿರಿಯಾನಿ ಪೊಟ್ಟಣ ಹಿಡಿದು ಬಂದರು. ನನಗೋ ಎದೆಯಲ್ಲಿ ಹಾಲು ಕಟ್ಟಿ ಜ್ವರ. ಅವರ ಮುಖ ನೋಡಿ ನನಗೇ ಪಾಪ ಅನ್ನಿಸಿ, “ಒಂದು ಲೋಟ ಚಾ ಆದ್ರೂ ಕುಡೀರಿ ಕಾಕ” ಎಂದೆ.

“ನೀನು ದಾಟು ಮೊದಲು.”

ನಾಲ್ಕನೇ ದಿನ ಸರಿಯಾದ ಕಾಗದ ಬಂತು. ಗಡಿಯ ಈಚೆ ಬಂದವರೇ ಒಂದರ ಹಿಂದೆ ಒಂದು ನಾಲ್ಕು ಗ್ಲಾಸ್ ಚಾ ಇಳಿಸಿ, “ಖಲಾಸ್!” ಎಂದು ಬಾಯಿ ಒರೆಸಿಕೊಂಡರು. ಅತ್ತೆ ವಾರವಿಡೀ ಫೋನಿನಲ್ಲಿ ಬೈದದ್ದು ಅವರನ್ನೇ, ನನ್ನನ್ನಲ್ಲ. ಆ ಕೆಲಸದಲ್ಲಿ ನಾನು ಇವತ್ತಿಗೂ ಇದ್ದೇನೆ.

ಮೂರು ವರ್ಷದ ಹಿಂದೆ ಕಾಕ ಬರ್ಲಿನ್‌ನಲ್ಲಿರುವ ತಮ್ಮ ಮಗಳ ಮನೆಗೆ ಹೋಗಿದ್ದರು. ಅದೇ ವಾರ ನನಗೂ ಅಲ್ಲಿ ಆಫೀಸಿನ ಕೆಲಸ. ಗೋಡೆ ಕಟ್ಟಿ ಇಬ್ಭಾಗ ಮಾಡಿದ್ದ ಊರಲ್ಲವೇ, ಹಿಂದೆ ಜನ ದಾಟುತ್ತಿದ್ದ ಹಳೇ ಚೆಕ್‌ಪೋಸ್ಟ್ ನೋಡಬೇಕೆಂದು ಹಟ ಹಿಡಿದರು. ಹೋದರೆ ನಡುರಸ್ತೆಯಲ್ಲಿ ಒಂದು ಗೂಡು, ಸುತ್ತ ಫೋಟೊ ತೆಗೆಯುವ ಪ್ರವಾಸಿಗರು. ಕಾಕನ ಕೈಯಲ್ಲಿ ಪ್ಲಾಸ್ಟಿಕ್ ಫೈಲ್. ಪಾಸ್‌ಪೋರ್ಟು, ಎರಡು ಕಾಪಿ, ಎರಡು ಫೋಟೊ!

“ಕೌಂಟರ್ ಎಲ್ಲಿ ಉಂಟು?”

“ಗಡಿನೇ ಇಲ್ಲ ಕಾಕ ಈಗ. ಸುಮ್ನೆ ನಡೀರಿ.”

ನಂಬಲಿಲ್ಲ. ಆ ಕಡೆ ಹೋದರು, ಈ ಕಡೆ ಬಂದರು, ಮತ್ತೆ ಹೋದರು. ಯಾರೂ ಕೇಳಲಿಲ್ಲ. ಅಲ್ಲೊಬ್ಬ ನೆನಪಿಗೆಂದು ಠಸ್ಸೆ ಒತ್ತಿಕೊಡುತ್ತಿದ್ದ. ನಾನು ಪಾಸ್‌ಪೋರ್ಟ್ ತೆಗೆದದ್ದೇ ತಡ, ಕಸಿದುಕೊಂಡರು. “ಎಂತ, ಪಾಸ್‌ಪೋರ್ಟ್ ಆಟದ ಸಾಮಾನಾ?”

ನಾನು ಬಿಟ್ಟೇನೆಯೇ? “ಆವತ್ತು ನೀವು ಇಷ್ಟು ಹುಷಾರಾಗಿದ್ದಿದ್ರೆ ನನ್ನ ಕೂಸು ನಾಲ್ಕು ದಿನ ಅಳ್ತಿರ್ಲಿಲ್ಲ” ಎಂದು ಕಾಲೆಳೆದೆ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ನಮ್ಮ ಫ್ಲಾಟಿನಲ್ಲಿ ನಾಲ್ಕು ಜನ ಸೇರಿದರೆ ಸಾಕು, ಅವರನ್ನು ಎದುರಿಗೇ ಕೂರಿಸಿಕೊಂಡು ಬುರೈಮಿ ಕಥೆ ಹೇಳಿ ನಗಿಸುವುದು ನನಗೆ ರೂಢಿಯಾಗಿಬಿಟ್ಟಿತ್ತು.

“ಹೌದು ಮಗಳೇ, ದೊಡ್ಡ ತಪ್ಪಾಯ್ತು” ಎಂದು ನಕ್ಕು, ರಸ್ತೆಯ ಆಚೆ ಬದಿಗೆ ಹೋಗಿ ನಿಂತರು. ಎದುರಿಗೇ ಕಾಫಿ ಅಂಗಡಿ. ಒಳಗೆ ಹೋಗಲಿಲ್ಲ. “ಯಲ್ಲಾ, ಬಾ ಬೇಗ!” ಎಂದು ಕೈಬೀಸಿದರು. ನಾನು ದಾಟಿದ ಮೇಲೆಯೇ ಚಾ ಕೇಳಿದ್ದು.

ಹೋದ ವರ್ಷ ಅಬುಧಾಬಿ ಹೊರವಲಯದ ಬನಿಯಾಸಿನ ತಮ್ಮ ಮನೆಯಲ್ಲಿ, ಮಧ್ಯಾಹ್ನ ಮಲಗಿದ ಕಾಕ ಏಳಲಿಲ್ಲ. ಅಂಗಡಿ ಖಾಲಿ ಮಾಡುವಾಗ ಅವರ ಮಗ ನನ್ನನ್ನು ಕರೆಸಿದ. “ಅಕ್ಕ, ಇದು ನಿಮ್ಮ ಫೈಲ್. ಪಾಸ್‌ಪೋರ್ಟ್ ಕಾಪಿ ಉಂಟಲ್ಲ, ಎಲ್ಲೆಲ್ಲೋ ಬಿಸಾಡುವ ಹಾಗಿಲ್ಲ.”

ಒಳಗೆ ನಾನೇ ತುಂಬಿಕೊಟ್ಟ ಫಾರಂ ಇತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಅವಸರದಲ್ಲಿ ಗೀಚಿದ ನನ್ನದೇ ಅಕ್ಷರ. ನನ್ನ ಹೆಸರು, ಅದರ ಜೊತೆ, ಹೊಸ ಹೆಂಡತಿಯ ಜಂಬದಲ್ಲಿ, ದೊಡ್ಡದಾಗಿ ಗಂಡನ ಹೆಸರು. ಪಕ್ಕದಲ್ಲಿ ನೇರಳೆ ಹೆಬ್ಬೆರಳ ಗುರುತು.

ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಮನೆಗೆ ಬಂದು ಮೈಸೂರಿಗೆ ಫೋನು ಮಾಡಿ ಅತ್ತೆಗೆ ಎಲ್ಲ ಹೇಳಿದೆ.

“ಅಯ್ಯೋ, ಆ ಪುಣ್ಯಾತ್ಮನಿಗೆ ಎಷ್ಟು ಬೈದುಬಿಟ್ಟೆನಲ್ಲೇ!”

“ನೀವು ಒಂದು ವಾರ ಬೈದ್ರಿ ಅತ್ತೆ” ಎಂದೆ. “ನಾನು ಬರ್ಲಿನ್‌ವರೆಗೂ ಬೈದೆ.”